ತೆಳ್ಳಣ್ಣ ‘ಚೆನ್ನಾಗಿದೆ’ ಅಂದದ್ದು

ತೆಳ್ಳಣ್ಣನನ್ನು ಮೊದಲು ಕಂಡ ದಿನ ನಾನು ಆ ಕೆಲಸಕ್ಕೆ ಹೊಸಬಳು. ನಮ್ಮನೆಯವರು ತೀರಿಕೊಂಡ ಮೇಲೆ ಆಸ್ಪತ್ರೆಯ ಹಿಂದಿನ ಕಟ್ಟಡದಲ್ಲಿ ನೆಲ ಒರೆಸುವ ಕೆಲಸ ಸಿಕ್ಕಿತ್ತು. ಉದ್ದಕ್ಕೆ ಕಾರಿಡಾರು, ಅದರ ಕೊನೆಗೆ ಒಂದು ಸಣ್ಣ ಕೋಣೆ. ಬಾಗಿಲಿಗೆ ಏನೋ ಚೀಟಿ ಅಂಟಿಸಿದ್ದರು. ನಾನು ಅಕ್ಷರ ಕೂಡಿಸಿಕೊಂಡು ಓದಿ ಮುಗಿಸುವಷ್ಟರಲ್ಲಿ ಕೈ ಬಾಗಿಲು ತಳ್ಳಿ ಆಗಿತ್ತು.

ಒಳಗೆ ಒಬ್ಬ ದಪ್ಪ ಮನುಷ್ಯ ದುರ್ಬೀನಿನಂಥ ಜೋಡಿ ಕೊಳವೆಗೆ ಕಣ್ಣು ಕೊಟ್ಟು ಕಲ್ಲಿನ ಹಾಗೆ ಕೂತಿದ್ದ. ಬಾಗಿಲಿನ ಗಾಳಿ ಒಳಗೆ ನುಗ್ಗಿದ್ದೇ ತಡ, ಬಿಗಿಹಿಡಿದಿದ್ದ ಉಸಿರನ್ನು ಉಸ್ಸಂತ ಬಿಟ್ಟ.

“ನೀವು ಒಳಗೆ ಬಂದ್ರಿ ಅಮ್ಮಾ, ಬೆಳಗ್ಗೆಯಿಂದ ಮಾಡಿದ್ದು ಹೊರಗೆ ಹೋಯ್ತು.”

ಬೈಗುಳ ಬರುತ್ತೆ ಅಂತ ಕಾದು ನಿಂತೆ. ಬರಲಿಲ್ಲ. “ಏನು ಹೋಯ್ತು ಅಂತಾದ್ರೂ ನೋಡಿ ಬನ್ನಿ,” ಅಂತ ಕುರ್ಚಿ ಬಿಟ್ಟುಕೊಟ್ಟ.

ಕೊಳವೆಯೊಳಗೆ ಒಂದು ಪುಟ್ಟ ತೊಟ್ಟಿ ಕಂಡಿತು. ಅದರ ಅಂಚಿಗೆ ವಜ್ರದ ಅಲಗು. ತೊಟ್ಟಿಯ ನೀರಿನ ಮೇಲೆ ಏನೋ ಹೊಳಪು ಮುದುರಿ ಬಿದ್ದಿತ್ತು. ರೋಗಿಯ ಮೈಯಿಂದ ತೆಗೆದ, ಸಾಸಿವೆಗಿಂತ ಸಣ್ಣ ಚೂರನ್ನು ಅಂಟಿನಂಥದ್ದರಲ್ಲಿ ಹಾಕಿ ಗಾಜಿನ ಹಾಗೆ ಗಟ್ಟಿ ಮಾಡುತ್ತಾರೆ. ಅದನ್ನು ಈ ಅಲಗಿಗೆ ಕೊಟ್ಟು ಪದರ ಪದರ ಕೊಯ್ಯುತ್ತಾರೆ. ಎಷ್ಟು ತೆಳ್ಳಗೆ ಅಂದರೆ, ನೀರಿನ ಮೇಲೆ ತೇಲುವಾಗ ಅದರ ಬಣ್ಣ ನೋಡಿಯೇ ದಪ್ಪ ಎಷ್ಟು ಅಂತ ತಿಳಿಯಬೇಕು. ನೇರಳೆ ಬಣ್ಣ ಬಂದರೆ ದಪ್ಪವಾಯಿತು, ಬಿಸಾಡು. ಚಿನ್ನದ ಬಣ್ಣ ಬಂದರೆ ಪರವಾಗಿಲ್ಲ. ಬೆಳ್ಳಿ ಬಂದರೆ ಅದೇ ಬೇಕಾದದ್ದು. ಆಮೇಲೆ ಅದು ಪಕ್ಕದ ಕತ್ತಲೆ ಕೋಣೆಯ ದೊಡ್ಡ ಯಂತ್ರಕ್ಕೆ ಹೋಗುತ್ತದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಅಂತ ಅದಕ್ಕೆ ಹೆಸರು. ಬೇರೆ ಯಾವ ಭೂತಗನ್ನಡಿಗೂ ಕಾಣದ್ದು ಅದಕ್ಕೆ ಕಾಣುತ್ತದೆ.

ತೆಳ್ಳಗೆ ಕೊಯ್ಯುವವನು, ಅದಕ್ಕೇ ತೆಳ್ಳಣ್ಣ. ಆಳು ಮಾತ್ರ ಬಾಗಿಲು ತುಂಬುವಷ್ಟು. “ಹೆಸರಲ್ಲಾದ್ರೂ ಸಣ್ಣಗಿರಲಿ ಅಂತ ಇಟ್ಟಿದ್ದಾರೆ ಬಿಡಿ ಅಮ್ಮಾ,” ಅನ್ನುತ್ತಿದ್ದ.

ಆ ದಿನದಿಂದ ನನಗೆ ಇನ್ನೊಂದು ಕೆಲಸವೂ ಬಿತ್ತು. ಅವನು ಕೊಯ್ಯುವಾಗ ಬಾಗಿಲಾಚೆ ಬೆಂಚಿನಲ್ಲಿ ಕೂತು ಕಾಯುವುದು. ಯಾರೇ ಬರಲಿ, “ಕೊಯ್ತಾ ಇದ್ದಾರೆ” ಅಂದರೆ ಮುಗಿಯಿತು, ಅಲ್ಲಿನ ದೊಡ್ಡ ಡಾಕ್ಟರಮ್ಮನೂ ಕಾಲ್ತುದಿಯಲ್ಲಿ ವಾಪಸು ಹೋಗಬೇಕು. ಬೆಳ್ಳಿ ಬಣ್ಣದ ಪದರ ಬಂದು, ಅದನ್ನು ತಾಮ್ರದ ಜಾಲರಿ ಬಿಲ್ಲೆಯ ಮೇಲೆ ಎತ್ತಿಕೊಂಡ ಮೇಲೆ ಒಳಗಿಂದ ಕೂಗುತ್ತಿದ್ದ: “ಚೆನ್ನಾಗಿದೆ ಅಮ್ಮಾ!” ಇನ್ನು ಬಾಗಿಲು ತೆಗೆಯಬಹುದು ಅಂತ ಅದರ ಅರ್ಥ. ಆ ಚೂರಿನೊಳಗೆ ಎಂಥ ಕೇಡೇ ಇರಲಿ, ಕೊಯ್ದದ್ದು ಸರಿಯಾಗಿ ಬಂದರೆ ಅಲ್ಲಿನವರ ಬಾಯಲ್ಲಿ ಅದು ‘ಚೆನ್ನಾಗಿದೆ’. ಮೊದಮೊದಲು ನನಗೇ ಒಂಥರಾ ಆಗುತ್ತಿತ್ತು. ಆಮೇಲೆ ಕಿವಿಗೆ ಒಗ್ಗಿತು.

ನೀರಿನ ಮೇಲಿನ ಪದರವನ್ನು ಬೆರಳಲ್ಲಿ ಮುಟ್ಟುವ ಹಾಗಿಲ್ಲ. ಕಣ್ಣರೆಪ್ಪೆಯ ಒಂದು ಕೂದಲನ್ನು ಕಡ್ಡಿಯ ತುದಿಗೆ ಉಗುರುಬಣ್ಣದಲ್ಲಿ ಅಂಟಿಸಿ, ಅದರಿಂದ ಮೆತ್ತಗೆ ತಳ್ಳುತ್ತಾರೆ. ತೆಳ್ಳಣ್ಣನ ರೆಪ್ಪೆಗೂದಲು ಗಿಡ್ಡ. ಅವನ ಕಡ್ಡಿಗೆ ಅವನ ಅಕ್ಕನ ರೆಪ್ಪೆ. ಅಕ್ಕನಿಗೆ ಎದುರು ರಸ್ತೆಯಲ್ಲೇ ಹೊಲಿಗೆ ಅಂಗಡಿ. ಕೈ ಬಿಡುವಾದಾಗ ಬಂದು ನನ್ನ ಪಕ್ಕ ಕೂರುತ್ತಿದ್ದಳು.

“ನನ್ನ ರೆಪ್ಪೆ ಕಿತ್ಕೊಂಡು ತಾನು ಹೆಸರು ತಗೊಳ್ತಾನೆ ನೋಡಿ ಇವನು.”

“ನಿನ್ನ ಕಣ್ಣಲ್ಲಿ ಉಪಯೋಗಕ್ಕೆ ಬರೋದು ಅದೊಂದೇ ಅಕ್ಕಾ. ಮೊನ್ನೆ ನನ್ನ ಅಂಗಿಗೆ ಗುಂಡಿ ಒಂದು ಕಡೆ, ಕಾಜಾ ಇನ್ನೊಂದು ಕಡೆ.”

“ಮಧ್ಯೆ ಹೊಟ್ಟೆ ಬಂದ್ರೆ ನಾನೇನು ಮಾಡ್ಲೋ!”

ಅವರಿಬ್ಬರಿಗೂ ಒಬ್ಬ ದೊಡ್ಡಣ್ಣ ಇದ್ದನಂತೆ. ಮೊದಲು ಕಿವಿ ಮಂದವಾಯಿತು, ಆಮೇಲೆ ಮುಖ ಊದಿತು, ಮೂತ್ರಪಿಂಡ ಕೆಟ್ಟು ಮೀಸೆ ಚಿಗುರುವ ವಯಸ್ಸಿಗೇ ಹೋದ. ಯಾಕೆ ಏನು ಅಂತ ಆಗ ನೋಡಿದವರಿಲ್ಲ. ಈಗ ಅಕ್ಕನ ಮಗನಿಗೆ ಮೂತ್ರದಲ್ಲಿ ರಕ್ತ. ಓಟದಲ್ಲಿ ಮುಂದಿರುವ ಹುಡುಗ. ಕರೆದರೆ ಎರಡನೇ ಸಲಕ್ಕೆ ತಿರುಗುತ್ತಾನೆ. ತುಂಟತನ ಅಂತ ಅಕ್ಕ ಅಂದುಕೊಂಡಿದ್ದಳು.

ಹುಡುಗನ ಬೆನ್ನಿನ ಕಡೆಯಿಂದ ಸೂಜಿ ಹಾಕಿ ಮೂತ್ರಪಿಂಡದ ಚೂರು ತೆಗೆದರು. ಅದು ನಮ್ಮ ಕಾರಿಡಾರಿಗೇ ಬಂತು. ದೊಡ್ಡಣ್ಣನನ್ನು ತಿಂದದ್ದೇ ಇವನೊಳಗೂ ಇದೆಯಾ ಅನ್ನುವುದು ಆ ಚೂರಿನಿಂದ ತಿಳಿಯಬೇಕಿತ್ತು.

“ಇದು ನಿಮಗೆ ಬೇಡ. ಕೊಯ್ಯೋರು ಇನ್ನೊಬ್ಬರು ರಜೆಯಲ್ಲಿದ್ದಾರಲ್ಲ, ಬರಲಿ, ಅವರು ಕೊಯ್ತಾರೆ,” ಅಂದರು ಡಾಕ್ಟರಮ್ಮ.

“ಚೂರು ತೀರಾ ಸಣ್ಣದಿದೆ ಮೇಡಂ. ಸ್ವಲ್ಪ ಜಾಸ್ತಿ ಕೊಯ್ದುಬಿಟ್ರೂ ಎಲ್ಲಾ ಹೋಗುತ್ತೆ. ಆಮೇಲೆ ಮಗೂಗೆ ಮತ್ತೆ ಸೂಜಿ.”

ಅವರು ಚೂರನ್ನು ಅವನ ಕೈಗೇ ಕೊಟ್ಟರು. ಅವನು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಸ್ವಲ್ಪ ಹೊತ್ತಿಗೆ ಅಕ್ಕ ಬಂದಳು. ಕೊರಳಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು.

“ಅವನು ತಳ್ಳೋದು ನನ್ನ ರೆಪ್ಪೆಯಲ್ಲೇ ತಾನೇ?”

“ಹೂಂ ಕಣಮ್ಮ.”

“ಹಾಗಾದ್ರೆ ಮಗೂಗೆ ನೋವಾಗಲ್ಲ ಬಿಡಿ.”

ಚೂರಿಗೆ ನೋವಿಲ್ಲ ಅಂತ ಅವಳಿಗೂ ಗೊತ್ತು. ನಾನು ಇನ್ನೊಂದು ಸಲ ಹೂಂ ಅಂದೆ. ಒಳಗೆ ಕೊಯ್ಯುವ ಯಂತ್ರದ ಕೈ ಮೇಲೆ ಕೆಳಗೆ ಆಡುವ ಸದ್ದು ಅಷ್ಟೇ. ಅದು ನಿಂತಿತು. ನಿಂತು ಎಷ್ಟೋ ಹೊತ್ತಾದ ಮೇಲೆ ಒಳಗಿಂದ ಕೂಗು ಬಂತು. ಅಷ್ಟು ಖುಷಿಯಲ್ಲಿ ಅವನು ಯಾವತ್ತೂ ಕೂಗಿರಲಿಲ್ಲ.

“ಚೆನ್ನಾಗಿದೆ ಅಮ್ಮಾ! ಒಂದೂ ಹಾಳಾಗಿಲ್ಲ, ತುಂಬಾ ಚೆನ್ನಾಗಿದೆ!”

ಆ ಕೂಗನ್ನು ಎಷ್ಟೋ ಸಲ ಕೇಳಿದ್ದ ಅಕ್ಕ ಅವತ್ತು ಎದ್ದು ನಿಂತಳು. ನನ್ನ ಎರಡೂ ಕೈ ಹಿಡಿದಳು. “ಕೇಳಿಸ್ತಾ? ಚೆನ್ನಾಗಿದೆಯಂತೆ! ಏನೂ ಹಾಳಾಗಿಲ್ಲವಂತೆ!”

“ತಡಿಯಮ್ಮ, ಅದು ಹಾಗಲ್ಲ, ಕೊಯ್ದದ್ದು ಚೆನ್ನಾಗಿ…”

ಅವಳು ಆಗಲೇ ಮೆಟ್ಟಿಲ ಹತ್ತಿರ. ನಾನು ಗೋಡೆ ಹಿಡಿದು ಮೆಟ್ಟಿಲ ತಲೆಗೆ ಬರುವಷ್ಟರಲ್ಲಿ ಅವಳ ಚಪ್ಪಲಿ ಸದ್ದು ಕೆಳಗೆ ರಸ್ತೆ ಸೇರಿತ್ತು.

ತೆಳ್ಳಣ್ಣ ಹೊರಗೆ ಬಂದ, ಬೆವರು ಒರೆಸಿಕೊಳ್ಳುತ್ತಾ. “ಯಾರು ಓಡಿದ್ದು?” ಹೇಳಿದೆ. ಮೊದಲು ಅವನಿಗೆ ನಗು ಬಂತು. ನಗು ಅರ್ಧಕ್ಕೆ ನಿಂತು, ಬೆಂಚಿನಲ್ಲಿ ಕೂತ. ಅಲ್ಲೇ ಫೋನ್ ಮಾಡಿದ. ಆ ಕಡೆಯ ಮಾತು ನನಗೂ ಕೇಳಿಸುತ್ತಿತ್ತು.

“ಅಕ್ಕಾ, ನಾನು ಕೂಗಿದ್ದು…”

“ಇನ್ನೊಂದು ಸಲ ಹೇಳ್ಬೇಕಾ? ಕೇಳಿಸ್ತಪ್ಪಾ! ಓಟಕ್ಕೆ ಮತ್ತೆ ಹೋಗು ಅಂದೆ, ಕುಣೀತಾ ಇದ್ದಾನೆ. ತಡಿ, ಅವನಿಗೇ ಕೊಡ್ತೀನಿ.”

“ಮಾಮಾ!” ಅಂತ ಹುಡುಗ ಗಟ್ಟಿಯಾಗಿ ಕಿರುಚಿದ. ಕಿವಿ ಮಂದ ಇರುವವರು ಹಾಗೇ ಕಿರುಚುವುದು. ತೆಳ್ಳಣ್ಣ “ಹೂಂ ಕಣೋ, ಹೂಂ,” ಅಂತ ಫೋನ್ ಇಟ್ಟ.

“ಯಂತ್ರಕ್ಕೆ ಹಾಕೋದು ನಾಳೆ ಅಮ್ಮಾ. ನಿಜವಾಗ್ಲೂ ಚೆನ್ನಾಗೇ ಇರಬಹುದಲ್ಲ?”

ಇರುತ್ತೆ ಅಂದೆ. ಇನ್ನೇನು ಅನ್ನಲಿ.

ಮರುದಿನ ಕತ್ತಲೆ ಕೋಣೆಗೆ ನನ್ನನ್ನೂ ಕರೆದ. ನೆಲ ಒರೆಸುವ ನೆಪ. ಹಸಿರು ಮಿಶ್ರಿತ ಬೆಳಕಿನ ಪರದೆ, ಅದರ ಮುಂದೆ ಅವನು, ಪಕ್ಕದಲ್ಲಿ ಡಾಕ್ಟರಮ್ಮ. ಚಿತ್ರ ನಿಂತದ್ದೇ ಡಾಕ್ಟರಮ್ಮ, “ಆಹಾ, ಎಷ್ಟು ಚೆನ್ನಾಗಿ…” ಅಂದು ನಾಲಿಗೆ ಕಚ್ಚಿಕೊಂಡರು.

ಮೂತ್ರಪಿಂಡದೊಳಗೆ ರಕ್ತ ಸೋಸುವ ಗೋಡೆ ಇರುತ್ತದಂತೆ. ಅದು ಒಂದೇ ಪಟ್ಟಿಯಾಗಿ ನೀಟಾಗಿ ಹೋಗಬೇಕು. ಇಲ್ಲಿ ಅದು ಸೀಳು ಸೀಳಾಗಿ, ಹೆಣೆದ ಬುಟ್ಟಿಯ ಹಾಗಿತ್ತು. ಅಂಥ ಚಿತ್ರ ತೆಳ್ಳಣ್ಣ ಹಿಂದೆ ಯಾರ್ಯಾರದ್ದೋ ನೋಡಿದ್ದ. ಅವನು ಗುಂಡಿ ತಿರುಗಿಸಿ ಬೇರೆ ಜಾಗಕ್ಕೆ ಹೋದ. ಅಲ್ಲೂ ಹಾಗೇ. ಇನ್ನೊಂದು ಜಾಗ. ಬಿಲ್ಲೆ ಬದಲಾಯಿಸಿದ. ಒಂದು ಕಡೆಯಾದರೂ ಪಟ್ಟಿ ಸರಿಯಾಗಿ ಕಾಣಲಿ ಅಂತ ತಿರುಗಿಸುತ್ತಲೇ ಇದ್ದ.

“ಸಾಕು ಬಿಡಿ,” ಅಂದರು ಡಾಕ್ಟರಮ್ಮ.

“ಈ ಮೂಲೆ ಒಂದು ಮೇಡಂ.”

ಆ ಮೂಲೆಯೂ ನೋಡಿದರು.

“ಔಷಧಿ?” ಅಂತ ನಾನು ಬಾಯಿಬಿಟ್ಟೆ. ಕೇಳಬಾರದಿತ್ತೇನೋ.

“ನಿಧಾನ ಮಾಡೋಕೆ ಇದೆ ಅಜ್ಜಿ, ನಿಲ್ಲಿಸೋಕೆ ಇಲ್ಲ,” ಅಂದರು. ಆಮೇಲೆ ತೆಳ್ಳಣ್ಣನಿಗೆ, “ತಾಯಿಗೆ ನೀವು ಹೇಳೋ ಹಾಗಿಲ್ಲ. ಮಗುವಿನ ಡಾಕ್ಟರು ಕೂರಿಸಿಕೊಂಡು ಹೇಳ್ತಾರೆ. ಇದು ತಾಯಿಯಿಂದ ಮಗನಿಗೆ ಬರೋದು, ಅದನ್ನೂ ಹೇಳ್ಬೇಕಲ್ಲ.”

ಅವನು ಪರದೆ ಆರಿಸಿದ. ಕೊಯ್ಯುವ ಕೋಣೆಗೆ ಬಂದು ಕುರ್ಚಿಯಲ್ಲಿ ಕೂತ. ಅವತ್ತು ಕೊಯ್ಯುವುದಕ್ಕೆ ಏನೂ ಇರಲಿಲ್ಲ. ಅಲಗನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಿದ್ದ. ನಾನು ಬಕೆಟ್ಟು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದೆ.

ಅದಾದ ಮೇಲೆ ಅವನು ರಜೆ ಹಾಕಿದ, ಆ ಕೋಣೆಗೆ ತಿರುಗಿ ಬರಲಿಲ್ಲ. ಅಷ್ಟರಲ್ಲಿ ನನ್ನ ಮೊಣಕಾಲೂ ನೆಲ ಒರೆಸಲು ಬಗ್ಗದೆ ಕೆಲಸ ಬಿಟ್ಟೆ. ಹಾಗಾಗಿ ಅವತ್ತು ಅವನು ನನ್ನನ್ನು ಕೇಳಿದ್ದೇ ಕೊನೆಯ ಮಾತು.

ಅವತ್ತು ನಾನು ಹಾಗೆ ಬಾಗಿಲಲ್ಲಿ ನಿಂತಿದ್ದಾಗಲೇ ಕೆಳಗೆ ಮೆಟ್ಟಿಲಲ್ಲಿ ಅಕ್ಕನ ಮಾತು ಕೇಳಿಸಿತು. ಮಗನನ್ನೂ ಕರೆತಂದಿದ್ದಳು. “ಮೆಲ್ಲಗೋ, ಮಿಠಾಯಿ ಡಬ್ಬ ಬೀಳಿಸ್ತೀಯ. ಮೊದಲು ಅಜ್ಜಿಗೆ ಕೊಡು, ಆಮೇಲೆ ಮಾಮನಿಗೆ,” ಅಂತ ಅವನಿಗೆ ಕೇಳಿಸುವ ಹಾಗೆ ಗಟ್ಟಿಯಾಗಿ ಹೇಳುತ್ತಾ ಹತ್ತುತ್ತಿದ್ದಳು. ಹುಡುಗ ಎರಡೆರಡು ಮೆಟ್ಟಿಲು ಒಟ್ಟಿಗೆ ಹಾರಿ ಬರುವ ಸದ್ದು.

ತೆಳ್ಳಣ್ಣ ನನ್ನ ಮುಖ ನೋಡಿದ.

“ಅಮ್ಮಾ, ನಾನು ಕೊಯ್ತಾ ಇದ್ದೀನಿ ಅಂತ ಹೇಳ್ತೀರಾ?”