ತಮ್ಮನ ಮನೆಯ ಮೀಟರು

ಸುತ್ತಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಸುಟ್ಟುಹೋದ ಮೋಟರುಗಳ ಹಳೆಯ ತಂತಿಯನ್ನು ಕಿತ್ತು, ಹೊಸ ತಾಮ್ರದ ತಂತಿಯನ್ನು ಸುತ್ತಿಕೊಡುವುದು ಅವನ ಕಸುಬು. ಬೀದಿಯವರು ಆ ಕಸುಬಿಗೇ ಒಂದು ‘ಅಣ್ಣ’ನನ್ನು ಅಂಟಿಸಿ ಕರೆದರು, ಅದೇ ನಿಂತುಬಿಟ್ಟಿತು. ಫ್ಯಾನು, ಮಿಕ್ಸಿ, ನೀರೆತ್ತುವ ಪಂಪು, ಯಾವುದೇ ಬರಲಿ, ಮೊದಲು ಮೂಗಿನ ಹತ್ತಿರ ಹಿಡಿಯುವನು, ಆಮೇಲೆ ಕಿವಿಯ ಹತ್ತಿರ. “ಇದು ಸುಟ್ಟಿಲ್ಲ, ಬರೀ ಮುನಿಸಿಕೊಂಡಿದೆ” ಎಂದು ಅವನು ಹೇಳಿದರೆ ಗಿರಾಕಿಗೆ ಅರ್ಧ ಖರ್ಚು ಉಳಿದಂತೆಯೇ ಲೆಕ್ಕ. ಆ ಕಿವಿಯ ಮೇಲೆ ಅವನಿಗೆ ತುಸು ಜಂಬವೂ ಇತ್ತು.

ತಾಯಿ ಮೊದಲೇ ಹೋಗಿದ್ದಳು. ತಂದೆ ತೀರಿಕೊಂಡಾಗ ಸುತ್ತಣ್ಣನಿಗೆ ಮೀಸೆ ಚಿಗುರುತ್ತಿತ್ತು, ತಮ್ಮನಿಗೆ ಹಾಲುಹಲ್ಲು ಉದುರುತ್ತಿತ್ತು. ಮನೆಯ ಮುಂಗೋಣೆಯೇ ಅಂಗಡಿ. ಅಣ್ಣ ತಂತಿ ಸುತ್ತುತ್ತಿದ್ದರೆ ತಮ್ಮ ಪಕ್ಕದಲ್ಲೇ ಕೂತು ಪಾಠ ಓದುವನು. ನಿದ್ದೆ ಬಂದರೆ ಸುರುಳಿಗೆ ಹೊದಿಸುವ ದಪ್ಪ ಕಾಗದದ ಕಟ್ಟಿನ ಮೇಲೇ ತಲೆಯಿಟ್ಟು ಮಲಗುವನು. ಹೀಗೆ ಓದಿದ ಹುಡುಗ ಪಾರ್ಸೆಲ್ ಆಫೀಸಿನಲ್ಲಿ ಗುಮಾಸ್ತನಾದ. ಇಬ್ಬರಿಗೂ ಮದುವೆಯಾಯಿತು. ಸುತ್ತಣ್ಣನಿಗೆ ಮಕ್ಕಳಾಗಲಿಲ್ಲ. ತಮ್ಮನಿಗೊಬ್ಬಳು ಮಗಳು ಹುಟ್ಟಿದಳು. ಒಂದೇ ಒಲೆ, ಒಂದೇ ಪಂಕ್ತಿ. ಕಂಡವರು ಹೊಟ್ಟೆಕಿಚ್ಚುಪಡುವಷ್ಟು ಒಗ್ಗಟ್ಟು.

ಆ ಒಗ್ಗಟ್ಟು ಒಂದು ಮಧ್ಯಾಹ್ನ, ಒಂದು ಮಾತಿಗೆ ಮುರಿಯಿತು.

ಸುತ್ತಿದ ಸುರುಳಿಯನ್ನು ವಾರ್ನಿಷಿನಲ್ಲಿ ಅದ್ದಿ, ಬಲ್ಬಿನ ಕಾವಿನಲ್ಲಿ ಒಣಗಿಸಬೇಕು. ಅದರ ಘಾಟು ಮನೆಯೆಲ್ಲ ತುಂಬಿಕೊಳ್ಳುತ್ತದೆ. ಕೂಸು ಕೆಮ್ಮುತ್ತಿತ್ತು. ತಮ್ಮ ಬಂದು, “ಅಣ್ಣಾ, ಇದನ್ನ ಹಿತ್ತಲಲ್ಲಿ ಇಟ್ಕೊಳ್ಳೋಕಾಗಲ್ವಾ? ಈ ವಾಸನೆಗೆ ತಲೆ ಸಿಡಿಯುತ್ತೆ” ಎಂದ. ಅಂಗಡಿಯಲ್ಲಿ ಗಿರಾಕಿಗಳಿದ್ದರು. ಸುತ್ತಣ್ಣ ಕೈಯಲ್ಲಿದ್ದ ಕೆಲಸ ಬಿಡದೆ, ತಲೆಯನ್ನೂ ಎತ್ತದೆ ಹೇಳಿದ:

“ಈ ವಾಸನೇಲೇ ಉಂಡು ಬೆಳೆದಿದ್ದಲ್ವೇನೋ ನೀನು? ಆಗ ನಿಂಗೆ ಮೂಗು ಇರಲಿಲ್ವಾ?”

ಗಿರಾಕಿಗಳು ನಕ್ಕರು. ಅವರು ನಗದೇ ಇದ್ದಿದ್ದರೆ ಮಾತು ಅಲ್ಲಿಗೇ ಆರಿಹೋಗುತ್ತಿತ್ತೋ ಏನೋ. ತಮ್ಮನ ಮುಖ ಬಿಳುಚಿತು. “ಆಯ್ತು. ಉಂಡಿದ್ದು ಸಾಕು” ಎಂದಷ್ಟೇ ಹೇಳಿ ಒಳಗೆ ಹೋದ. ತಿಂಗಳು ತುಂಬುವುದರೊಳಗೆ ಮನೆಯ ನಡುವೆ ಗೋಡೆ ಎದ್ದಿತು. ಗೋಡೆ ಸರಿಯಾಗಿ ಕಿಟಕಿಯ ಮಧ್ಯಕ್ಕೆ ಬಂದು, ಕಿಟಕಿಯ ಒಂದು ಬಾಗಿಲು ಅಣ್ಣನ ಪಾಲಿಗೂ ಇನ್ನೊಂದು ತಮ್ಮನ ಪಾಲಿಗೂ ಬಂತು. “ಗಾಳೀನೂ ಪಾಲು ಮಾಡಿಕೊಂಡ್ರಲ್ಲ ಸ್ವಾಮಿ!” ಎಂದು ಗಾರೆಯವನು ನಕ್ಕ. ಈ ಸಲ ಜೊತೆಗೆ ನಗುವವರು ಯಾರೂ ಇರಲಿಲ್ಲ.

ಪಾತ್ರೆ ಪಾಲಾಯಿತು, ನಲ್ಲಿ ಪಾಲಾಯಿತು. ಕರೆಂಟು ಮಾತ್ರ ಪಾಲಾಗಲಿಲ್ಲ. ಮನೆ ಇನ್ನೂ ತಂದೆಯ ಹೆಸರಿನಲ್ಲೇ ಇತ್ತು. ಎರಡನೆಯ ಸಂಪರ್ಕ ಬೇಕಾದರೆ ಅಣ್ಣತಮ್ಮಂದಿರು ಕೂಡಿ ಬಂದು ವಿದ್ಯುತ್ ಕಚೇರಿಯಲ್ಲಿ ಸಹಿ ಹಾಕಬೇಕು. ಕೂಡಿ ಬೀದಿಗೇ ಇಳಿಯದವರು ಕಚೇರಿಗೆ ಹೋಗುವುದುಂಟೆ? ಕೊನೆಗೆ ಸುತ್ತಣ್ಣನೇ ಹಳೆಯ ಸಾಮಾನಿನ ಅಂಗಡಿಯಿಂದ ಒಂದು ಮೀಟರು ತಂದ. ಗಾಜಿನ ಹಿಂದೆ ತಟ್ಟೆಯೊಂದು ತಿರುಗುವ ಹಳೆಯ ಕಾಲದ್ದು. ತನ್ನ ಮನೆಯಿಂದ ತಮ್ಮನ ಮನೆಗೆ ಹೋಗುವ ತಂತಿಗೆ ಅದನ್ನು ಕಟ್ಟಿ, ತಮ್ಮನ ನಡುಮನೆಯ ಗೋಡೆಗೆ, ಚಪ್ಪಲಿ ಗೂಡಿನ ಮೇಲೆ ಹೊಡೆದ. ಕಚೇರಿಯ ಬಿಲ್ಲು ಸುತ್ತಣ್ಣನ ಮನೆಗೆ ಬರುವುದು, ಆ ಮೀಟರು ನೋಡಿ ಪಾಲು ಹಂಚಿಕೊಳ್ಳುವುದು ಎಂದಾಯಿತು.

“ಓದೋದು ಅವನೇ ಬಂದು ಓದ್ಲಿ” ಎಂದು ತಮ್ಮ ಗಾರೆಯವನ ಬಾಯಲ್ಲಿ ಹೇಳಿ ಕಳಿಸಿದ. “ತಮ್ಮ ಸುಳ್ಳು ಹೇಳ್ದ ಅನ್ನೋ ಮಾತು ನಂಗೆ ಬೇಡ.”

ನಂಬಿಕೆಯಿಲ್ಲದೆ ಹುಟ್ಟಿದ ಏರ್ಪಾಡು ಅದು. ಆದರೆ ವರ್ಷಗಳು ಕಳೆದಂತೆ ಸುತ್ತಣ್ಣನ ಬಾಳಿನಲ್ಲಿ ಅದಕ್ಕಿಂತ ದೊಡ್ಡದು ಯಾವುದೂ ಉಳಿಯಲಿಲ್ಲ. ತಿಂಗಳ ಮೊದಲ ಭಾನುವಾರ ಬೆಳಗ್ಗೆ ತಲೆ ಬಾಚಿ, ಒಗೆದ ಅಂಗಿ ತೊಟ್ಟು, ಟಾರ್ಚು ಹಿಡಿದು ಹೊರಡುವನು. “ಅಳಿಯನ ಹಾಗೆ ಹೊರಟ್ರಲ್ಲ” ಎಂದು ಹೆಂಡತಿ ಕೆಣಕುವಳು. ಪಕ್ಕದ ಬಾಗಿಲಿಗೆ ಹತ್ತು ಹೆಜ್ಜೆಯಿಲ್ಲ. ತಮ್ಮನ ಹೆಂಡತಿ ಸ್ಟೂಲು ತಂದಿಡುವಳು. ಸುತ್ತಣ್ಣ ಹತ್ತಿ, ಗಾಜು ಒರೆಸಿ, ಅಂಕಿಯನ್ನು ಗಟ್ಟಿಯಾಗಿ ಓದುವನು. ಕುರ್ಚಿಯಲ್ಲಿ ಪತ್ರಿಕೆಯ ಹಿಂದೆ ಕೂತ ತಮ್ಮ “ಹೂಂ” ಎನ್ನುವನು. ಅಷ್ಟೇ. ಅಣ್ಣ ಒಂದು ಅಂಕಿ ಹೇಳಬೇಕು, ತಮ್ಮ ಒಂದು ‘ಹೂಂ’ ಎನ್ನಬೇಕು.

ಒಮ್ಮೆ ಸುತ್ತಣ್ಣ ಮಾತು ಕಟ್ಟಿಕೊಂಡೇ ಹೋಗಿದ್ದ. ‘ಅವತ್ತು ಬಾಯಿ ತಪ್ಪಿತು ಕಣೋ’ ಎಂದು ಹೇಳಿಬಿಡುವುದು. ದಾರಿಯಲ್ಲಿ, ಆ ಹತ್ತು ಹೆಜ್ಜೆಯಲ್ಲಿ, ಮನಸ್ಸಿನೊಳಗೇ ಎರಡು ಸಲ ಹೇಳಿ ನೋಡಿದ್ದ. ಸ್ಟೂಲು ಹತ್ತಿದ, ಬಾಯಿ ತೆರೆದ, ಬಂದದ್ದು ಅಂಕಿ. ತಮ್ಮ ಹೂಂ ಎಂದ. ಸುತ್ತಣ್ಣ ಇಳಿದು ಬಂದ.

ಆದರೂ ಆ ಸ್ಟೂಲಿನ ಮೇಲಿಂದ ಅವನು ಎಷ್ಟೆಲ್ಲ ಕಂಡಿದ್ದ! ಮಗುವಿನ ಚಪ್ಪಲಿ ವರ್ಷವರ್ಷಕ್ಕೆ ದೊಡ್ಡದಾದದ್ದು, ತಮ್ಮನ ನೆತ್ತಿ ಬೋಳಾದದ್ದು, ಗೋಡೆಗೆ ಹೊಸ ಬಣ್ಣ ಬಂದದ್ದು. ಕಾಣದ್ದನ್ನು ಅಂಕಿ ಹೇಳುತ್ತಿತ್ತು. ಮಗಳ ಪರೀಕ್ಷೆಯ ತಿಂಗಳು ದೀಪ ಹೆಚ್ಚು ಉರಿದಿರುತ್ತಿತ್ತು. ಅವರೆಲ್ಲ ಊರಿಗೆ ಹೋದ ತಿಂಗಳು ತಟ್ಟೆ ಅಲುಗಿಯೇ ಇರುತ್ತಿರಲಿಲ್ಲ. ಮನೆಗೆ ಬಂದು ಹೆಂಡತಿಗೆ ಅದನ್ನೆಲ್ಲ ಬಿಡಿಸಿ ಹೇಳುವನು. ಮಕ್ಕಳಿಲ್ಲದ ಆ ಮನೆಯಲ್ಲಿ ಇಬ್ಬರಿಗೂ ಒಂದು ವಾರಕ್ಕಾಗುವಷ್ಟು ಮಾತು ಅದರಲ್ಲಿ ಸಿಗುತ್ತಿತ್ತು.

ಹೋದ ವರ್ಷ ಅಂಕಿ ಏಕಾಏಕಿ ಏರಿತು. ಒಳಗೋಣೆಯ ಬಾಗಿಲು ಮುಚ್ಚಿತ್ತು. ಅದರಾಚೆ ಒಂದೇ ಸಮನೆ ಗುಂಯ್ ಎನ್ನುವ ಸದ್ದು. ಸುತ್ತಣ್ಣ ಸ್ಟೂಲಿನ ಮೇಲೇ ಕಿವಿ ನಿಮಿರಿಸಿದ. ಕಂಪ್ರೆಸರ್. ಸಣ್ಣದು, ಹೊಸದು, ಒಳ್ಳೆಯ ಕಂಪನಿಯದು.

“ಫ್ರಿಜ್ ತಗೊಂಡಿದ್ದಾರೆ ಕಣೇ” ಎಂದು ಮನೆಗೆ ಬಂದು ಹೆಂಡತಿಗೆ ಹಿಗ್ಗಿ ಹೇಳಿದ. “ಒಳ್ಳೇದೇ ತಗೊಂಡಿದ್ದಾರೆ. ಕೈ ಸಡಿಲವಾಗಿರಬೇಕು ಈಗ.”

“ಫ್ರಿಜ್ಜನ್ನ ಮಲಗೋ ಕೋಣೇಲಿ ಇಡ್ತಾರಾ?”

“ಅವರ ಮನೆ, ಅವರಿಷ್ಟ. ಬೇಕಾದ್ರೆ ಹಾಸಿಗೇಲೇ ಮಲಗಿಸ್ಕೊಳ್ತಾರೆ, ನಿಂಗೇನು?”

ಒಂದೇ ಒಂದು ಸಂಗತಿ ಅವನನ್ನು ಕೊರೆಯಿತು. ಆ ದಿನ ಕುರ್ಚಿ ಖಾಲಿಯಿತ್ತು. ಮುಂದಿನ ತಿಂಗಳೂ ಖಾಲಿ. “ಮಲಗಿದ್ದಾರೆ” ಎಂದಳು ತಮ್ಮನ ಹೆಂಡತಿ, ನೆಲ ನೋಡುತ್ತ. ಭಾನುವಾರದ ನಿದ್ದೆ ಎಂದುಕೊಂಡ ಸುತ್ತಣ್ಣ. ಆಮೇಲೆ, ‘ಹೂಂ ಅನ್ನೋದೂ ಬೇಡವಾಯಿತೇ ಅವನಿಗೆ’ ಎಂದು ಅನ್ನಿಸಿತು. ಅವನು ಖಾಲಿ ಕುರ್ಚಿಗೇ ಅಂಕಿ ಓದಿ ಹೇಳಿ ಬರತೊಡಗಿದ.

ಇಂಥ ಹೊತ್ತಿನಲ್ಲಿ ವಿದ್ಯುತ್ ಕಚೇರಿಯವರು ಲೆಕ್ಕಕ್ಕೆ ಬಾರದ ಕರೆಂಟನ್ನು ಹುಡುಕಿಕೊಂಡು ಬೀದಿಬೀದಿ ತಿರುಗತೊಡಗಿದರು. ಎಲ್ಲೆಲ್ಲಿ ಬಿಲ್ಲಿಲ್ಲದೆ ದೀಪ ಉರಿಯುತ್ತಿದೆ, ಎಲ್ಲೆಲ್ಲಿ ಕಚೇರಿಗೆ ಗೊತ್ತಿಲ್ಲದ ಮೀಟರು ತಿರುಗುತ್ತಿದೆ ಎಂದು ನೋಡುವ ಕೆಲಸ. ಈ ಬೀದಿಗೆ ಬಂದವಳು ಒಬ್ಬ ಹೆಣ್ಣುಮಗಳು. ಮಾತು ಮೃದು, ಕಣ್ಣು ಚುರುಕು. ಕಂಬದಿಂದ ಬಂದ ತಂತಿಯ ಜಾಡು ಹಿಡಿದು ಸುತ್ತಣ್ಣನ ಮನೆಗೆ ಬಂದಳು, ಅಲ್ಲಿಂದ ತಮ್ಮನ ಮನೆಗೆ ಹೋಗಿ ಬಂದಳು.

“ಯಜಮಾನ್ರೇ, ಆ ಕಡೆ ಇರೋ ಮೀಟರ್ ನಮ್ಮದಲ್ಲ.”

“ನಮ್ಮದು” ಎಂದ ಸುತ್ತಣ್ಣ.

“ನಿಮ್ಮದಾದ್ರೆ ನಮ್ಮ ಲೆಕ್ಕಕ್ಕೆ ಇಲ್ಲದ ಹಾಗೇ. ಒಂದು ಸಂಪರ್ಕದಲ್ಲಿ ಎರಡು ಸಂಸಾರ ನಡೆಸೋ ಹಾಗಿಲ್ಲ.”

“ನಾನು ಕದ್ದಿಲ್ಲ ತಾಯಿ. ಓಡಿದ್ದಕ್ಕೆಲ್ಲ ಬಿಲ್ ಕಟ್ಟಿದ್ದೀನಿ.”

“ಕದ್ರಿ ಅಂತ ನಾನು ಹೇಳ್ಲಿಲ್ಲ. ಅವರಿಗೆ ಬೇರೆ ಮೀಟರ್ ಹಾಕ್ಕೊಡ್ತೀವಿ. ನಿಮ್ಮದೊಂದು ಒಪ್ಪಿಗೆ ಸಹಿ ಬೇಕು. ಈ ತಿಂಗಳೊಳಗೆ ಬಂದು ಹಾಕಿ. ಇಲ್ಲಾಂದ್ರೆ ಎರಡೂ ಕಡೆ ಲೈನ್ ತೆಗೀಬೇಕಾಗುತ್ತೆ.”

ಇಷ್ಟೇ. ನ್ಯಾಯವಾದ ಮಾತು, ಸುಲಭದ ದಾರಿ. ಆದರೆ ಅವಳು ಹೋದ ಮೇಲೆ ಸುತ್ತಣ್ಣ ಸುತ್ತುತ್ತಿದ್ದ ಸುರುಳಿಯನ್ನು ಅರ್ಧಕ್ಕೇ ಬಿಟ್ಟು ಕೂತುಬಿಟ್ಟ. ತಮ್ಮನಿಗೆ ಅವನದೇ ಮೀಟರು ಬಂದ ಮೇಲೆ ಯಾವ ನೆಪದಿಂದ ಆ ಹೊಸ್ತಿಲು ದಾಟುವುದು?

ಅವನು ಸಹಿ ಹಾಕಲು ಹೋಗಲಿಲ್ಲ. ಮೊದಲ ವಾರ ಅವಸರದ ಪಂಪಿನ ಕೆಲಸ ಬಂತು. ಎರಡನೆಯ ವಾರ ಮಂಡಿ ನೋವು. ಆಮೇಲೆ ಕನ್ನಡಕ ಸಿಗಲಿಲ್ಲ. ಅದು ಅವನ ಜೇಬಿನಲ್ಲೇ ಇತ್ತು. ತಮ್ಮನ ಹೆಂಡತಿ ಎರಡು ಸಲ ಬಾಗಿಲಿಗೆ ಬಂದು, “ಭಾವ, ಬೇಗ ಹಾಕಿಬಿಡಿ, ನಮಗೆ ಕರೆಂಟಿಲ್ದೆ ಆಗಲ್ಲ” ಎಂದಳು. ಏಕೆ ಆಗುವುದಿಲ್ಲ ಎಂದು ಅವಳು ಹೇಳಲಿಲ್ಲ; ಅಣ್ಣನಿಗೆ ಹೇಳಕೂಡದೆಂದು ಗಂಡ ಬಾಯಿ ಕಟ್ಟಿದ್ದ. ಸುತ್ತಣ್ಣನೂ ಕೇಳಲಿಲ್ಲ, ಫ್ರಿಜ್ಜಿನ ಹಾಲು ಕೆಟ್ಟೀತೆಂಬ ಚಿಂತೆ ಇರಬೇಕು ಎಂದುಕೊಂಡ.

“ನಿಮಗೆ ಆ ಮೀಟರ್ ಮೇಲೆ ಯಾಕೆ ಇಷ್ಟು ಆಸೆ ಅಂತ ನಂಗೆ ಗೊತ್ತು” ಎಂದಳು ಹೆಂಡತಿ.

“ಗೊತ್ತಿದ್ರೆ ಸುಮ್ನಿರು.”

“ಕಚೇರೀಲಿ ಒಟ್ಟಿಗೆ ಕೂರ್ತೀರಲ್ಲ, ಅಲ್ಲೇ ಎರಡು ಮಾತಾಡಿದ್ರಾಯ್ತು. ಬಾಯಿ ಇದೆ, ಕಿವಿ ಇದೆ. ಮಧ್ಯೆ ಮೀಟರ್ ಯಾಕೆ ಬೇಕು?”

ಸುತ್ತಣ್ಣ ‘ಇನ್ನೊಂದು ಭಾನುವಾರ ಆಗಲಿ’ ಎಂದುಕೊಂಡ. ಆ ಭಾನುವಾರ ತಮ್ಮ ಕುರ್ಚಿಯಲ್ಲಿ ಇದ್ದರೆ ಇರಲಿ, ಒಂದು ಹೂಂ ಕೇಳಿಕೊಂಡು ಸೋಮವಾರ ಹೋಗಿ ಸಹಿ ಹಾಕುವುದು.

ಗಡುವು ದಾಟಿದ ಶುಕ್ರವಾರ ಬೆಳಗ್ಗೆ ಕಚೇರಿಯವರು ಏಣಿ ತಂದು ಲೈನು ತೆಗೆದರು.

ಅಂಗಡಿಯ ಬಲ್ಬು ಆರಿತು. ಬೀದಿಯ ಸದ್ದು ಜೋರಾಗಿ ಕೇಳತೊಡಗಿತು. ‘ಆಯಿತು, ಈಗಲೇ ಹೋಗಿ ಹಾಕಿಬಿಡೋಣ’ ಎಂದು ಸುತ್ತಣ್ಣ ಕೈ ಒರೆಸಿಕೊಳ್ಳುತ್ತಿದ್ದ. ಪಕ್ಕದ ಮನೆಯಲ್ಲಿ ಏನೋ ಬಿದ್ದ ಸದ್ದಾಯಿತು, ಯಾರೋ ಓಡಿದರು. ಅರ್ಧ ಕಿಟಕಿಯ ಆಚೆಯಿಂದ ತಮ್ಮನ ಹೆಂಡತಿಯ ದನಿ ಚೀರಿತು:

“ಭಾವಾ! ನಿಮ್ಮ ಹಟಕ್ಕೆ ಅವರ ಉಸಿರೇ ಬೇಕಾಗಿತ್ತಾ?”

ಅವನು ಹೊರಗೆ ಬರುವಷ್ಟರಲ್ಲಿ ಬಾಗಿಲಲ್ಲಿ ಆಟೋ ನಿಂತಿತ್ತು. ತಮ್ಮನನ್ನು ಹೆಂಡತಿಯೂ ಮಗಳೂ ಎತ್ತಿ ತರುತ್ತಿದ್ದರು. ಅವನನ್ನು ನೋಡಿ ಎಷ್ಟು ತಿಂಗಳಾಗಿತ್ತು! ತುಟಿ ನೀಲಿ, ಕುತ್ತಿಗೆಯ ನರ ಎಳೆದು ಎಳೆದು ಬಿಡುತ್ತಿತ್ತು. ಮೂಗಿನ ಎರಡೂ ಬದಿಗೆ ಕೊಳವೆ ಒತ್ತಿ ಒತ್ತಿ ಮೂಡಿದ ಗೀರು. ಮನೆಯ ತೆರೆದ ಬಾಗಿಲಿನೊಳಗೆ, ಒಳಗೋಣೆಯ ಮಂಚದ ಪಕ್ಕದಲ್ಲಿ ಗಾಲಿಗಳಿದ್ದ ಬಿಳಿಯ ಪೆಟ್ಟಿಗೆಯೊಂದು ಸದ್ದಿಲ್ಲದೆ ನಿಂತಿತ್ತು. ಗಾಳಿಯಿಂದ ಆಮ್ಲಜನಕ ತೆಗೆದುಕೊಡುವ ಯಂತ್ರ. ಅದರಲ್ಲೂ ಒಂದು ಸಣ್ಣ ಕಂಪ್ರೆಸರ್ ಇರುತ್ತದೆ. ಸುತ್ತಣ್ಣನ ಕಿವಿ ತಪ್ಪು ಕೇಳಿರಲಿಲ್ಲ.

ಅವನು ಕೈ ಕೊಡಲು ಮುಂದಾದ. ತಮ್ಮ ಕಣ್ಣು ತೆರೆದು ನೋಡಿ, ಮುಖವನ್ನು ಮಗಳ ಭುಜದ ಕಡೆಗೆ ತಿರುಗಿಸಿಕೊಂಡ.

ಆ ಸಲ ತಮ್ಮ ಬದುಕಿದ. ಸುತ್ತಣ್ಣ ಅದೇ ಮಧ್ಯಾಹ್ನ ಕಚೇರಿಗೆ ಹೋಗಿ ಬೆಂಚಿನ ಮೇಲೆ ಕೂತ. ಸಂಜೆಯ ಹೊತ್ತಿಗೆ ಮಗಳು ಬಂದಳು, ಆಸ್ಪತ್ರೆಯ ಹಾಸಿಗೆಯಲ್ಲೇ ಅಪ್ಪ ಹಾಕಿದ ಸಹಿ ಹಿಡಿದುಕೊಂಡು. ಈಗ ಇಬ್ಬರೂ ಕೂಡಿ ಬರಬೇಕೆಂಬ ನಿಯಮವೇ ಇಲ್ಲವಂತೆ. ಅದು ಹೋಗಿ ವರ್ಷಗಳಾದವಂತೆ.

“ಇಲ್ಲಿ, ದೊಡ್ಡಪ್ಪ” ಎಂದು ಅವಳು ಬೆರಳಿಟ್ಟು ತೋರಿಸಿದಲ್ಲಿ ಸುತ್ತಣ್ಣ ಸಹಿ ಹಾಕಿದ.

“ಹೇಗಿದ್ದಾನೆ ಮಗಾ?”

“ಇದ್ದಾರೆ.”

“ಶ್ವಾಸಕೋಶಕ್ಕೆ ಏನಾಗಿದೆಯಂತೆ? ಆ ವಾರ್ನಿಷಿನಿಂದ ಏನಾದ್ರೂ...”

“ಡಾಕ್ಟ್ರು ಏನೇನೋ ಹೇಳ್ತಾರೆ ದೊಡ್ಡಪ್ಪ. ನಂಗೆ ಹೊತ್ತಾಯ್ತು.”

ಹೊಸ ಮೀಟರು ತಮ್ಮನ ಮನೆಯ ಹೊರಗೋಡೆಗೆ, ಬೀದಿಗೆ ಮುಖ ಮಾಡಿ ಬಂತು. ಒಳಗೆ ಬಾರದೆಯೇ ಯಾರು ಬೇಕಾದರೂ ಓದಬಹುದು. ಹಳೆಯದನ್ನು ತಮ್ಮನ ಹೆಂಡತಿ ಬಟ್ಟೆಯಲ್ಲಿ ಸುತ್ತಿ ಹೊಸ್ತಿಲ ಆಚೆಯಿಂದಲೇ ಕೊಟ್ಟಳು. “ಇನ್ನು ನಿಮಗೆ ತೊಂದರೆಯಿಲ್ಲ ಭಾವ” ಎಂದಳು. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ. ಸಿಟ್ಟು ಇದ್ದಿದ್ದರೆ ಅವನು ಏನಾದರೂ ಹೇಳುತ್ತಿದ್ದ.

ಕೆಲವು ದಿನ ಕಳೆದ ಮೇಲೆ ಸುತ್ತಣ್ಣ ಒಂದು ಸಂಗತಿ ಕಂಡುಕೊಂಡ. ಹೊಸ ಮೀಟರಿನಲ್ಲಿ ಸಾಸಿವೆಯಷ್ಟು ಕೆಂಪು ದೀಪವೊಂದಿದೆ. ಕರೆಂಟು ಎಳೆದಷ್ಟೂ ಅದು ಬೇಗ ಬೇಗ ಮಿನುಗುತ್ತದೆ. ಯಂತ್ರ ನಡೆಯುತ್ತಿದ್ದರೆ ಒಂದು ಲಯ, ನಿಂತಿದ್ದರೆ ಇನ್ನೊಂದು. ಅವನು ಹಾಲು ತರಲು ಹೋಗುವಾಗ ನಿಂತು ನೋಡುವನು, ತಂತಿ ತರಲು ಹೋಗುವಾಗ ನಿಂತು ನೋಡುವನು. ಮಿನುಗುತ್ತಿದೆ, ತಮ್ಮ ಇದ್ದಾನೆ. ಎದುರುಮನೆಯ ಮುದುಕ, “ಏನು ಸುತ್ತಣ್ಣ, ಈ ವಯಸ್ಸಲ್ಲಿ ಕರೆಂಟ್ ಆಫೀಸಲ್ಲಿ ನೌಕರಿ ಸಿಕ್ತಾ?” ಎಂದು ಚೇಷ್ಟೆ ಮಾಡಿದ. ಮತ್ತೊಂದು ದಿನ ಕಿಟಕಿ ತೆರೆಯಿತು.

“ಭಾವ, ಏನು ನೋಡ್ತಿದ್ದೀರಿ?” ಎಂದಳು ತಮ್ಮನ ಹೆಂಡತಿ.

“ಏನಿಲ್ಲಮ್ಮಾ. ಸುಮ್ಮನೆ.”

“ಲೆಕ್ಕದಲ್ಲಿ ಇನ್ನೂ ಏನಾದ್ರೂ ತಪ್ಪಿದೆಯಾ?”

“ಅಯ್ಯೋ, ಇಲ್ಲಮ್ಮಾ.”

ಒಳಗಿನಿಂದ ತಮ್ಮ ಏನೋ ಹೇಳಿದ. ಯಂತ್ರದ ಸದ್ದಿನಲ್ಲಿ ಮಾತು ತಿಳಿಯಲಿಲ್ಲ. ಕಿಟಕಿ ಮುಚ್ಚಿತು.

ಆ ವಾರದಲ್ಲೇ ಬಡಗಿಯೊಬ್ಬ ಬಂದು ಮೀಟರಿನ ಮೇಲೆ ಒಂದು ಹಲಗೆಯ ಪೆಟ್ಟಿಗೆ ಕೂರಿಸಿ ಹೋದ. ಮೀಟರು ಓದುವವನಿಗೆಂದು ಬಾಗಿಲಿತ್ತು, ಬಾಗಿಲಿಗೆ ಚಿಲಕ, ಚಿಲಕಕ್ಕೆ ಬೀಗ. ಮೇಲೆ ಸೂರಿತ್ತು, ಅಲ್ಲಿಗೆ ಮಳೆಯ ಒಂದು ಹನಿಯೂ ಬೀಳುವಂತಿರಲಿಲ್ಲ.

ಸುತ್ತಣ್ಣ ಹಾಲಿನ ಪಾತ್ರೆ ಹಿಡಿದು ಅದರ ಮುಂದೆ ಸ್ವಲ್ಪ ಹೊತ್ತು ನಿಂತ. ಹಲಗೆಗೆ ಬಣ್ಣ ಇನ್ನೂ ಹಸಿಯಾಗಿತ್ತು. ಅಂಗಡಿಯ ಮುಂದೆ ಯಾರೋ ಮಿಕ್ಸಿ ಹಿಡಿದು ಕಾಯುತ್ತಿದ್ದರು. ಅವನು ತಿರುಗಿ ಬಂದ.

“ಪೆಟ್ಟಿಗೆ ಮಾಡಿಸಿದ್ದಾರೆ” ಎಂದ ಹೆಂಡತಿಗೆ. “ಗಟ್ಟಿಮುಟ್ಟಾಗಿದೆ. ಮಳೆಗಾಲಕ್ಕೆ ಒಳ್ಳೇದೇ.”

ಹೆಂಡತಿ ಪಾತ್ರೆ ತೆಗೆದುಕೊಂಡು ಒಳಗೆ ಹೋದಳು. ಅವನು ಮಿಕ್ಸಿಯನ್ನು ಎತ್ತಿ ಬಿಚ್ಚತೊಡಗಿದ.