ಭಾವನಿಗೆ ನಾಲ್ಕನೇ ಕೇಬಲ್

ಭಾನುವಾರ ಮಧ್ಯಾಹ್ನ ಅಕ್ಕನ ಫೋನು ಬಂದಾಗ ನಾನಿನ್ನೂ ಊಟದ ತಟ್ಟೆ ಮುಂದೆ ಕುಳಿತಿದ್ದೆ. "ನಿಮ್ಮ ಭಾವನಿಗೆ ಈ ವೈರೂ ಸರಿಹೋಗ್ಲಿಲ್ವಂತೆ ಕಣೋ. ಬೇರೆ ತಗೊಂಡು ಬಾ" ಎಂದಳು. ಆರು ತಿಂಗಳಲ್ಲಿ ಇದು ನಾಲ್ಕನೆಯದು. ವಾರದಲ್ಲಿ ಆರು ದಿನ ಅಂಗಡಿಯಲ್ಲಿ ಆಡಿಯೋ ಕೇಬಲ್ ಮಾರುವವನಿಗೆ ಏಳನೇ ದಿನವೂ ಅದೇ ಹಣೆಬರಹ. ಗೊಣಗುತ್ತಲೇ ಅಂಗಡಿಯ ಸ್ಯಾಂಪಲ್ ಸುರುಳಿಯೊಂದನ್ನು ಚೀಲಕ್ಕೆ ತುಂಬಿಕೊಂಡು ಹೊರಟೆ.

ಭಾವ ಮೂವತ್ತೊಂದು ವರ್ಷ ಬಟ್ಟೆ ಗಿರಣಿಯ ಮಗ್ಗಗಳ ನಡುವೆ ನಿಂತು ದುಡಿದವರು. ಅಲ್ಲಿನ ಸದ್ದಿನಲ್ಲಿ ಪಕ್ಕದವನಿಗೆ ಏನಾದರೂ ಹೇಳಬೇಕೆಂದರೆ ಕೈಸನ್ನೆಯೇ ಗತಿ. ಮನೆಗೆ ಬಂದರೆ ಗೋಡೆಗೊರಗಿ ಕಣ್ಣುಮುಚ್ಚಿ ಕೂರುತ್ತಿದ್ದರು. "ರಿಟೈರ್ ಆದ್ಮೇಲೆ ಒಂದು ಒಳ್ಳೆ ಸೆಟ್ಟು ತಗೊಂಡು ನೆಮ್ಮದಿಯಾಗಿ ಹಾಡು ಕೇಳ್ಬೇಕು" ಎನ್ನುವುದನ್ನು ಬಿಟ್ಟು ಬೇರೆ ಆಸೆ ಅವರ ಬಾಯಲ್ಲಿ ನಾನು ಕೇಳಿದ್ದಿಲ್ಲ. ನಿವೃತ್ತಿಯಾದ ವಾರವೇ ನಾನೇ ಆರಿಸಿ ಸೆಟ್ಟು ತಂದು ಜೋಡಿಸಿದೆ. ಮೊದಲ ಹಾಡಿಗೇ ಅವರ ಮುಖ ಸಣ್ಣಗಾಯಿತು. "ಎಲ್ಲಾ ಮಂಕಾಗಿ ಬರ್ತಿದೆ. ವೈರಿಂದೇ ದೋಷ" ಎಂದರು.

ಆಮೇಲೆ ದಪ್ಪ ತಾಮ್ರದ್ದು ಬಂತು, ಬೆಳ್ಳಿ ಲೇಪದ್ದು ಬಂತು, ಬಟ್ಟೆ ಹೆಣೆದದ್ದೂ ಬಂತು. ಸೆಟ್ಟಿನಿಂದ ಸ್ಪೀಕರಿಗಿರುವ ನಾಲ್ಕು ಮೀಟರ್ ದೂರಕ್ಕೆ ಸಾಧಾರಣ ತಾಮ್ರದ ವೈರೇ ಧಾರಾಳ ಎಂದು ಹೇಳಿ ಹೇಳಿ ನನಗೆ ಸಾಕುಸಾಕಾಗಿತ್ತು. ಕೇಳುವವರು ಯಾರು?

ಅವರ ಸ್ಪೀಕರ್ ಪೆಟ್ಟಿಗೆಗಳ ಬೆನ್ನಿಗೆ ಎರಡೆರಡು ಜೊತೆ ತಿರುಪುಗಳಿವೆ. ಕೆಳಗಿನ ಜೊತೆ ಒಳಗಿರುವ ದೊಡ್ಡ ಸ್ಪೀಕರಿಗೆ, ಮೇಲಿನದು ಸಣ್ಣ, ಚೂಪಾದ ದನಿಗಳನ್ನು ನುಡಿಸುವ ಪುಟ್ಟ ಸ್ಪೀಕರಿಗೆ. ಎರಡನ್ನೂ ಹಿತ್ತಾಳೆ ಪಟ್ಟಿಗಳು ಕೂಡಿಸುತ್ತವೆ. ಹೊಸ ಕೇಬಲ್ಲಿನ ತುದಿ ದಪ್ಪವಿದ್ದುದರಿಂದ ಪಟ್ಟಿಗಳನ್ನು ಸದ್ಯಕ್ಕೆ ಬಿಚ್ಚಿಟ್ಟು, ಕೆಳಗಿನ ಜೊತೆಗೆ ಕೇಬಲ್ ಸಿಕ್ಕಿಸಿ, ಬೆನ್ನು ಹಿಡಿದುಕೊಂಡು ಎದ್ದೆ. ಹಾಡು ಹಾಕಿದೆ.

ಭಾವ ಸ್ವಲ್ಪ ಹೊತ್ತು ಕೇಳಿದರು. "ಮೊದಲಿದ್ದ ಹಾಗೇ ಇದೆ. ಒಂದು ಚೂರೂ ವ್ಯತ್ಯಾಸ ಇಲ್ಲ."

ಅಡುಗೆಮನೆಯಿಂದ ಅಕ್ಕ ಕೂಗಿದಳು: "ಏನೋ ಅದು, ಹಾಡಿಗೆ ಕಂಬಳಿ ಹೊದಿಸಿದ್ದೀಯಾ?"

ಅಕ್ಕನಿಗೂ ಸಂಗೀತಕ್ಕೂ ಎಣ್ಣೆ ಸೀಗೆಕಾಯಿ. ಅವಳಿಗೇ ಗೊತ್ತಾಗಬೇಕಾದರೆ ಏನಾಗಿರಬಹುದೆಂದು ತಿರುಗಿ ನೋಡಿದೆ. ನಾಲ್ಕೂ ಹಿತ್ತಾಳೆ ಪಟ್ಟಿಗಳು ನೆಲದ ಮೇಲೇ ಬಿದ್ದಿದ್ದವು. ಪಟ್ಟಿಯಿಲ್ಲದೆ ಪುಟ್ಟ ಸ್ಪೀಕರುಗಳೆರಡೂ ಬಾಯಿ ಮುಚ್ಚಿಕೊಂಡಿದ್ದವು. ಗೋಡೆಯಾಚೆ ಪಾತ್ರೆ ತೊಳೆಯುತ್ತಿದ್ದವಳಿಗೆ ಗೊತ್ತಾಗಿದ್ದು, ಎದುರಿಗೆ ಕೂತ ಭಾವನಿಗೆ ಗೊತ್ತಾಗಿರಲಿಲ್ಲ. ಆರು ತಿಂಗಳು ಅವರನ್ನು ಮನಸ್ಸಿನಲ್ಲೇ ಬೈದುಕೊಂಡ ನನ್ನ ಮೇಲೆ ನನಗೇ ಅಸಹ್ಯವಾಯಿತು.

ಏನೋ ಒಂದು ನೆಪ ಹೇಳಿ ಐದನೆಯದನ್ನು ತರುತ್ತೇನೆ ಎನ್ನಬಹುದಿತ್ತು. ಅಷ್ಟು ಸುಳ್ಳಿಗೂ ನನ್ನಲ್ಲಿ ತ್ರಾಣ ಉಳಿದಿರಲಿಲ್ಲ. ಪಟ್ಟಿಗಳನ್ನು ಜೋಡಿಸಿ ಅದೇ ಹಾಡು ಮತ್ತೆ ಹಾಕಿದೆ.

"ಹಾಂ, ಈಗ ಸರಿಹೋಯ್ತು" ಎಂದು ಅಕ್ಕ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದಳು.

ಭಾವ ಅವಳನ್ನು ನೋಡಿದರು, ಆಮೇಲೆ ನನ್ನನ್ನು. "ಈಗ ಏನಾದ್ರೂ ಬದಲಾಯ್ತಾ?"

"ಹೌದು ಭಾವ. ಅರ್ಧ ದನಿ ಬರ್ತಿರ್ಲಿಲ್ಲ. ನಂದೇ ತಪ್ಪು. ಈಗ ಪೂರ್ತಿ ಬರ್ತಿದೆ."

ಅವರು ಮತ್ತೆ ಕಿವಿಗೊಟ್ಟರು. ಬಹಳ ಹೊತ್ತು.

"ಹಾಗಾದ್ರೆ ವೈರಿನ ದೋಷ ಅಲ್ಲ."

"ಅಲ್ಲ ಭಾವ. ಯಾವ ವೈರಲ್ಲೂ ದೋಷ ಇರ್ಲಿಲ್ಲ."

"ಕಿವೀನ ಗಿರಣಿಯಲ್ಲೇ ಬಿಟ್ಟು ಬಂದಿದ್ದೀನಿ ಅನ್ಸುತ್ತೆ" ಎಂದರು. ಸಿಟ್ಟಿರಲಿಲ್ಲ, ಸುಸ್ತಿತ್ತು.

ಕಿವಿ ಡಾಕ್ಟರಿಗೆ ತೋರಿಸೋಣ ಎಂದೆ. ತೋರಿಸೋಣ ಎಂದರು. ಆಮೇಲೆ ಅಕ್ಕನಿಗೆ, "ಬಾ, ಇಲ್ಲಿ ಕೂತ್ಕೋ. ಏನೇನು ಬರ್ತಿದೆ ಹೇಳು" ಎಂದರು.

ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಪಕ್ಕದಲ್ಲಿ ಕೂತಳು. ಅವಳ ಕಣ್ಣು ತುಂಬಿತ್ತು. "ಈಗ ತಾಳ ಬಡೀತಿದೆ, ಸಣ್ಣಗೆ... ನಿಂತ್ಹೋಯ್ತು... ಮತ್ತೆ ಬಂತು."

"ಸ್ವಲ್ಪ ಜೋರಾಗಿ ಹೇಳು" ಎಂದರು ಭಾವ.