ಯಂತ್ರದ ರೊಟ್ಟಿಯ ಫೋಟೊ

ತಮ್ಮ ನನಗೆ ಒಪ್ಪಿಸಿದ್ದು ಒಂದೇ ಕೆಲಸ. ಅವನು ಮಾಡಿದ ರೊಟ್ಟಿ ಯಂತ್ರದಲ್ಲಿ ಒಂದು ತಿಂಗಳು ದಿನಾ ಜೋಳದ ರೊಟ್ಟಿ ಮಾಡಿ ನೋಡಿ, ಎಲ್ಲಿ ಸರಿಯಿಲ್ಲ ಎಂದು ಹೇಳಬೇಕಿತ್ತು. ನಾನು ಮಾಡಲಿಲ್ಲ. ಒಂದು ದಿನವೂ ಮಾಡಲಿಲ್ಲ.

ನಾನು ಇಂಡಿ ಪಟ್ಟಣದಲ್ಲಿ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುವವಳು. ಶಾಲೆ ಐದನೇ ಇಯತ್ತೆಗೆ ಬಿಟ್ಟಿತು, ಹಿಟ್ಟು ಮಾತ್ರ ಬಿಡಲಿಲ್ಲ. ತಮ್ಮನದು ಸಿಂದಗಿಯಲ್ಲಿ ಮೋಟರ್ ವೈಂಡಿಂಗ್ ಅಂಗಡಿ. ಉಂಡೆ ಇಟ್ಟು ಮುಚ್ಚಳ ಹಾಕಿದರೆ ರೊಟ್ಟಿಯಾಗಿ ಬರುವ ಪೆಟ್ಟಿಗೆಯೊಂದು ಅವನ ತಲೆ ಹೊಕ್ಕಿತು. ಇನ್ನೂ ಹುಟ್ಟದ ಆ ಪೆಟ್ಟಿಗೆಯ ಚಿತ್ರವನ್ನು ಇಂಟರ್ನೆಟ್ಟಿಗೆ ಹಾಕಿ, ಈಗಲೇ ಹಣ ಕಟ್ಟಿ, ಮಾಡಿ ಕಳಿಸುತ್ತೇನೆ ಅಂದ. ಜನ ಕಟ್ಟಿದರು! ರೊಟ್ಟಿ ಬಡಿಯಲು ಮೈಗಳ್ಳತನ ಮಾಡುವವರು ಇಷ್ಟು ಮಂದಿ ಇದ್ದಾರೆಂದು ನನಗೆ ಗೊತ್ತೇ ಇರಲಿಲ್ಲ.

ಅವರಿಗಾಗಿ ತಿಂಗಳಿಗೊಮ್ಮೆ 'ಕೆಲಸ ಎಲ್ಲಿಗೆ ಬಂತು' ಎಂದು ಬರೆದು ಹಾಕುತ್ತಿದ್ದ. ಹೇಳಲು ಏನೂ ಇಲ್ಲದಾಗ ಒಂದೇ ಸ್ಕ್ರೂವನ್ನು ಮೂರು ಕಡೆಯಿಂದ ಫೋಟೊ ಹೊಡೆದು ಹಾಕುತ್ತಿದ್ದ. ಅದಕ್ಕೂ ಭೇಷ್ ಎನ್ನುವ ಮೂರ್ಖರಿದ್ದರು. ಸಂಕ್ರಾಂತಿಗೆ ಕಳಿಸುತ್ತೇನೆ ಅಂದವನು ಯುಗಾದಿ ಅಂದ, ಆಮೇಲೆ ಕಾರಹುಣ್ಣಿಮೆ ಅಂದ.

ಜೋಳದ ಹಿಟ್ಟು ನಾದಲು ಅವನಿಗೆ ಬಾರದು. ಅಂಗಡಿಯಲ್ಲಿ ಗೋಧಿ ಹಿಟ್ಟು ಹಾಕಿ ನೋಡಿ ಕುಣಿದಾಡಿ, ಮೊದಲ ಯಂತ್ರವನ್ನು ನನ್ನ ಒಲೆಯ ಬದಿಗೆ ತಂದಿಟ್ಟ.

"ಅಕ್ಕಾ, ಛೊಲೊ ಇರಲಿಲ್ಲಂದ್ರ ಬೈದು ಹೇಳು. ನಿನ್ನ ಮಾತ ನನಗ ಖರೆ."

"ಎಸರು ಹಾಕಿ ನಾದಿದ ಹಿಟ್ಟು ನಿನ್ನ ಡಬ್ಬಿಗೆ ತಿಳೀತೈತೇನೋ?"

"ನೀನ ಕಲಿಸು ಅದಕ್ಕ."

ಮೂವತ್ತು ವರ್ಷ ರೊಟ್ಟಿ ಬಡಿದ ನನ್ನ ಕೈಗೆ ಈ ಡಬ್ಬಿ ಸಮವೇ? ಅದರ ಮೇಲೊಂದು ಬಟ್ಟೆ ಹೊದಿಸಿ ರೊಟ್ಟಿ ಬುಟ್ಟಿ ಇಟ್ಟುಕೊಂಡೆ. ಅವನು ಫೋನ್ ಮಾಡಿದಾಗಲೆಲ್ಲ "ಮಸ್ತ ಬರಾಕತ್ತಾವು" ಅಂದೆ. ಫೋಟೊ ಕೇಳಿದ. ಕೈಯಿಂದ ಬಡಿದ ರೊಟ್ಟಿಯೊಂದನ್ನು ಯಂತ್ರದ ಮೇಲಿಟ್ಟು ಫೋಟೊ ಕಳಿಸಿದೆ.

ಅವನು ಅದನ್ನೇ ಹಣ ಕಟ್ಟಿದವರಿಗೆಲ್ಲ ತೋರಿಸಿದ. ಅದನ್ನೇ ನಂಬಿ ಮುದ್ದೇಬಿಹಾಳದ ಲೇಥ್ ಮಿಸ್ತ್ರಿಯಿಂದ ಎಲ್ಲ ಯಂತ್ರಗಳ ತಟ್ಟೆಗಳನ್ನೂ ಒಮ್ಮೆಲೇ ಮಾಡಿಸಿದ. ಜೋಡಿಸಿ, ಖಾನಾವಳಿಯಲ್ಲಿ ನಾದಿಸಿ ತಂದ ಜೋಳದ ಹಿಟ್ಟು ಹಾಕಿದರೆ ಅದು ಮೇಲಿನ ತಟ್ಟೆಗೆ ಹತ್ತಿಕೊಂಡು, ರೊಟ್ಟಿ ನಡುವೆ ಹರಿದು ಬಂತು. ಗೋಧಿ ಎಳೆದರೆ ಹಿಗ್ಗುತ್ತದೆ, ಜೋಳ ಬಿರಿಯುತ್ತದೆ. ಬಟ್ಟೆ ತೆಗೆದು ಒಂದು ಉಂಡೆ ಇಟ್ಟಿದ್ದರೆ ಮೊದಲ ದಿನವೇ ನನಗೆ ತಿಳಿಯುತ್ತಿತ್ತು.

ತಮ್ಮ ಮಿಸ್ತ್ರಿಯ ಮೇಲೆ ಹರಿಹಾಯ್ದ. ಅಕ್ಕನ ಮನೆಯಲ್ಲಿ ಚೆನ್ನಾಗಿ ಬಂದಿವೆ, ನಿನ್ನ ಪಾಲಿಶ್ ಸರಿಯಿಲ್ಲ ಅಂದ. "ಹಂಗಾದ್ರ ನಿಮ್ಮಕ್ಕ ನನ್ನ ಎದುರಿಗೆ ಮಾಡಿ ತೋರಸ್ಲಿ" ಎಂದು ಮಿಸ್ತ್ರಿ ತಟ್ಟೆಗಳನ್ನು ಮತ್ತೆ ಮುಟ್ಟಲು ಒಪ್ಪಲಿಲ್ಲ. ನನ್ನನ್ನು ಸಿಂದಗಿಗೆ ಕರೆಸಿದರು. ಬಸ್ಸಿನಲ್ಲಿ ಕುಳಿತಾಗಲೂ ನಾನು ಹುಡುಕುತ್ತಿದ್ದದ್ದು ಹೊಸ ಸುಳ್ಳನ್ನೇ: ಹಿಟ್ಟು ಹಳೆಯದು, ಜಿಗಿ ಇಲ್ಲ, ಅದಕ್ಕೇ ರೊಟ್ಟಿ ಹರಿಯುತ್ತದೆ ಎಂದುಬಿಡುವುದು.

ಅಂಗಡಿಯಲ್ಲಿ ಮಿಸ್ತ್ರಿಯ ಜೊತೆ ಒಬ್ಬ ಮುದುಕಿಯೂ ಕುಳಿತಿದ್ದಳು. ಬಸವನ ಬಾಗೇವಾಡಿಯವಳು, ಹಣ ಕಟ್ಟಿ ಯಂತ್ರ ಕೇಳಲು ಬಂದವಳು. ಅವಳ ಬೆರಳುಗಳೆಲ್ಲ ವಾತದಿಂದ ಸೊಟ್ಟಗಾಗಿದ್ದವು. ನಾನು ಮೈಗಳ್ಳರು ಅಂದವರಲ್ಲಿ ಇವಳೂ ಒಬ್ಬಳು. ಫೋನಿನಲ್ಲಿದ್ದ ನನ್ನ ರೊಟ್ಟಿಯ ಫೋಟೊವನ್ನು ತಮ್ಮನ ಮುಖಕ್ಕೆ ಹಿಡಿದಳು.

"ಏ ತಮ್ಮಾ, ಮಿಷಿನ್ನಿಗೆ ಬೆರಳು ಯಾವಾಗ ಮೂಡಿದ್ವೊ? ಈ ಅಂಚಿನ ಮ್ಯಾಲ ಹೆಣ್ಮಗಳ ಬೆರಳಿನ ಗುರ್ತು ಅದಾವು. ಕಣ್ಣಿದ್ದವರ ಕಣ್ಣಾಗೂ ಮಣ್ಣು ಹಾಕ್ತಿಯೇನು? ಕಳ್ಳ!"

ಮಿಸ್ತ್ರಿ ನಕ್ಕ. ತಮ್ಮ ನನ್ನತ್ತ ತಿರುಗಿ ಕೂಡ ನೋಡಲಿಲ್ಲ. "ನನಗ ಏನರ ಅನ್ರಿ ಆಯಿ. ನಮ್ಮಕ್ಕ ಸುಳ್ಳ ಹೇಳಾಕಿ ಅಲ್ಲ" ಅಂದ.

ಹೊಸ ಸುಳ್ಳು ಬಾಯಿಯಲ್ಲೇ ಇತ್ತು. ಅದನ್ನು ನುಂಗಿದೆ.

"ಆಯಿ, ಇಂವ ಕಳ್ಳ ಅಲ್ರಿ. ಆ ರೊಟ್ಟಿ ನಾ ಕೈಲೆ ಬಡದದ್ದು. ಮಿಸ್ತ್ರಿ, ನಿಮ್ಮ ಪಾಲಿಶ್‌ದಾಗ ಏನೂ ತಪ್ಪಿಲ್ರಿ. ತಮ್ಮಾ, ನಿನ್ನ ಮಿಷಿನ್ನ್ಯಾಗ ನಾ ಒಂದ ರೊಟ್ಟಿನೂ ಮಾಡಿ ನೋಡಿಲ್ಲಪ್ಪ. ತಪ್ಪ ನಂದು. ಹೊಟ್ಟಿಗೆ ಹಾಕ್ಕೊ."